ಮೇಲೆ ಬರುವ ಕ್ರಮ

ಮಾಗಡಿ
12 ಆಗಸ್ಟ್ 2007

ಮನೋಹರ್ ಅವರಿಗೆ,

ಗಾಬರಿಯಾದವರನ್ನು ನೀರು ಬಿಡುವುದಿಲ್ಲ ಎಂದೋ, ಗಾಬರಿಯಾದವರು ತಮ್ಮನ್ನು ತಾವೇ ಬಿಟ್ಟುಕೊಡುತ್ತಾರೆ ಎಂದೋ, ಅಂಥದೊಂದು ಮಾತನ್ನು ನೀವು ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಹೇಳಿದಿರಿ. ಸರಿಯಾಗಿ ನೆನಪಿಲ್ಲ. ನಾನು ನಿಮ್ಮ ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದೆ. ಲೇಸನ್ನು ಅಂದವಾಗಿ ಕಟ್ಟಿದ್ದಿರಿ. ಎರಡು ತಿಂಗಳಿಂದ ಆ ಮಾತನ್ನು ಜೋಡಿಸಲು ನೋಡುತ್ತಿದ್ದೇನೆ. ಹೇಗೆ ಜೋಡಿಸಿದರೂ ಅದರೊಳಗೆ ನನ್ನ ಅಣ್ಣ ಮುನೇಶ ಗಾಬರಿಯಾದ ಎಂಬುದು ಉಳಿಯುತ್ತದೆ.

ಠಾಣೆಯಲ್ಲಿ ನೀವು ಕೊಟ್ಟ ಹೇಳಿಕೆಯ ಪ್ರತಿ ನಿನ್ನೆ ನನ್ನ ಕೈಗೆ ಬಂತು. ಅದರ ಐದನೆಯ ಸಾಲು ಹೀಗಿದೆ: ‘ಶಿಬಿರದ ಸಹಾಯಕರಾದ ಮುನೇಶ್ ನನ್ನ ಅನುಮತಿ ಇಲ್ಲದೆ, ಯಾವ ತರಬೇತಿಯೂ ಇಲ್ಲದೆ, ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿದರು, ಗಾಬರಿಯಿಂದ ವೇಗವಾಗಿ ಮೇಲೆ ಬಂದು ಮೃತಪಟ್ಟರು.’

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಾವುದನ್ನೂ ಮೊದಲಿನಿಂದ ಹೇಳುವುದು ಅಭ್ಯಾಸ. ಜೂನ್ ಹತ್ತು, ಭಾನುವಾರ. ರಾಮನಗರದಿಂದ ಕನಕಪುರಕ್ಕೆ ಹೋಗುವ ರಸ್ತೆಯ ಪಕ್ಕದ ಹಳೆಯ ಕಲ್ಲು ಕ್ವಾರಿ. ಅಗೆಯುತ್ತ ಅಗೆಯುತ್ತ ನೀರು ಉಕ್ಕಿದ ಮೇಲೆ ಕೈಬಿಟ್ಟ ಗುಂಡಿ, ಎಂಬತ್ತು ಅಡಿ ಆಳ. ಬೆಂಗಳೂರಿನ ಆಫೀಸುಗಳಿಂದ ಬರುವವರಿಗೆ ನೀವು ಅಲ್ಲಿ ಶನಿವಾರ, ಭಾನುವಾರ ಸ್ಕೂಬಾ ಕಲಿಸುತ್ತಿದ್ದಿರಿ. ಅಣ್ಣ ಎರಡು ವರ್ಷದಿಂದ ನಿಮಗೆ ಸಿಲಿಂಡರ್ ಹೊರುತ್ತಿದ್ದ, ಜಾಕೆಟ್ ತೊಳೆಯುತ್ತಿದ್ದ. ಅವತ್ತು ಕಲಿಯಲು ಬಂದ ನಾಲ್ವರಲ್ಲಿ ಒಬ್ಬ ಹೆಂಗಸು ಇಪ್ಪತ್ತು ಅಡಿಯ ಕಲ್ಲಿನ ಹಂತದಿಂದ ಜಾರಿ ಅರವತ್ತು ಅಡಿಯ ಇನ್ನೊಂದು ಹಂತಕ್ಕೆ ಹೋದಳು. ಅಣ್ಣ ಹೋಗಿ ಅವಳನ್ನು ತಂದ. ಅವಳು ಬದುಕಿದಳು. ಅಣ್ಣ ಬಂಡೆಯ ಮೇಲೆ ಕೂತು ಕೆಮ್ಮಿದ. ಬಾಯಲ್ಲಿ ಕೆಂಪು ನೊರೆ ಬಂತು. ಹತ್ತು ನಿಮಿಷದಲ್ಲಿ ಮುಗಿಯಿತು.

ಇದರಲ್ಲಿ ಅವನು ಗಾಬರಿಯಾದದ್ದು ಎಲ್ಲಿ? ಅನುಮತಿ ಇಲ್ಲದೆ ಇಳಿದದ್ದು ಎಲ್ಲಿ? ವಿಚಾರಣೆ ಇನ್ನೂ ಮುಗಿದಿಲ್ಲ. ಆ ಸಾಲನ್ನು ನೀವು ತೆಗೆಸಬೇಕು. ಹಣದ ಮಾತು ಎತ್ತಬೇಡಿ. ನನಗೆ ಬೇಕಾದದ್ದು ಆ ಸಾಲು ಮಾತ್ರ.

ಜ್ಯೋತಿಲಕ್ಷ್ಮಿ

•

ಹ್ಯಾವ್‌ಲಾಕ್, ಅಂಡಮಾನ್
3 ಸೆಪ್ಟೆಂಬರ್ 2007

ಜ್ಯೋತಿ,

ನಿನ್ನ ಕಾಗದ ತಲುಪಲು ಹತ್ತೊಂಬತ್ತು ದಿನ ಹಿಡಿಯಿತು. ಮಳೆಗಾಲದಲ್ಲಿ ಅಂಚೆಯ ಹಡಗು ಮನಸ್ಸಾದಾಗ ಬರುತ್ತದೆ.

ನಾನು ಹೆದರಿ ಓಡಿಬಂದೆ ಎಂದು ಊರಲ್ಲಿ ಮಾತಾಡಿಕೊಳ್ಳುತ್ತಾರಂತೆ. ತಂಗಿ ಪ್ರತಿಮಾ ಬರೆದಿದ್ದಾಳೆ. ನೌಕಾಪಡೆ ಬಿಟ್ಟ ಮೇಲೆ, ಸುನಾಮಿ ಬರುವವರೆಗೆ, ಇದೇ ದ್ವೀಪದಲ್ಲಿ ಜನರಿಗೆ ನೀರಿನೊಳಗೆ ಇಳಿಯುವುದನ್ನು ಕಲಿಸಿಕೊಂಡಿದ್ದವನು ನಾನು. ಬೇರೆ ಕೆಲಸ ಬರುವುದಿಲ್ಲ. ಕ್ವಾರಿಯ ಶಿಬಿರ ಮುಚ್ಚಿದ ಮೇಲೆ ಇಲ್ಲಿಗೆ ಬಂದದ್ದರಲ್ಲಿ ವಿಶೇಷವೇನಿಲ್ಲ.

ಮುನೇಶ ಹೇಗೆ ಸತ್ತ ಎಂದು ತಿಳಿಯುವ ಹಕ್ಕು ನಿನಗಿದೆ. ಮೇಲೆ ನಾವು ಎಳೆದುಕೊಳ್ಳುವ ಉಸಿರು ಬೇರೆ, ಅರವತ್ತು ಅಡಿ ಕೆಳಗೆ ಸಿಲಿಂಡರಿನಿಂದ ಎಳೆದುಕೊಳ್ಳುವ ಉಸಿರು ಬೇರೆ. ಕೆಳಗೆ ನೀರಿನ ಭಾರಕ್ಕೆ ಗಾಳಿ ಒತ್ತಿಕೊಂಡಿರುತ್ತದೆ. ಒಂದು ಎದೆಯಲ್ಲಿ ಸುಮಾರು ಮೂರು ಎದೆಯ ಗಾಳಿ. ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಹಿಗ್ಗುತ್ತದೆ, ಜಾಗ ಸಾಲದೆ ಶ್ವಾಸಕೋಶವನ್ನು ಹರಿಯುತ್ತದೆ. ಆದ್ದರಿಂದ ಹೊಸಬರಿಗೆ ನಾವು ಹೇಳುವ ಮೊದಲ ಪಾಠ, ಯಾವ ಕಾರಣಕ್ಕೂ ಉಸಿರು ಹಿಡಿಯಬಾರದು. ಎರಡನೆಯದು, ನೀನು ಬಿಟ್ಟ ಗುಳ್ಳೆಗಳಲ್ಲಿ ಅತಿ ಸಣ್ಣದನ್ನು ನೋಡಿಕೊಂಡು ಅದಕ್ಕಿಂತ ನಿಧಾನವಾಗಿ ಏರಬೇಕು. ಹದಿನೈದು ಅಡಿಗೆ ಬಂದಾಗ ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ಮೇಲೆ ಬೆಳಕು ಕಾಣುತ್ತಿರುತ್ತದೆ, ಆದರೂ ನಿಲ್ಲಬೇಕು. ಹೊಸಬರಿಗೆ ಕಷ್ಟವಾಗುವುದು ಅದೇ.

ಇನ್ನು ಗಾಳಿ ತುಂಬುವ ಜಾಕೆಟ್. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳು ಕೆಳಗೆ ಎಳೆಯುತ್ತವೆ, ಜಾಕೆಟ್ ಮೇಲೆ ಎಳೆಯುತ್ತದೆ. ಎರಡೂ ಸಮನಾದಾಗ ಮನುಷ್ಯ ನೀರಿನ ನಡುವೆ ತೂಗಿದಂತೆ ಇರುತ್ತಾನೆ. ಮೇಲೆ ಬರುವಾಗ ಜಾಕೆಟ್ಟಿನ ಗಾಳಿಯೂ ಹಿಗ್ಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಬರಬೇಕು. ಮುನೇಶ ಆ ಹೆಂಗಸಿನ ಜಾಕೆಟ್ಟಿಗೆ ಪೂರ್ತಿ ಗಾಳಿ ತುಂಬಿ ಅವಳನ್ನು ಅಪ್ಪಿಕೊಂಡ. ಇಬ್ಬರನ್ನೂ ನೀರು ಎತ್ತಿ ಒಗೆಯಿತು. ಅವನು ಉಸಿರು ಹಿಡಿದಿದ್ದ. ಅವಳು ಕೆಳಗಿನಿಂದ ಮೇಲಿನವರೆಗೂ ಕಿರುಚುತ್ತಲೇ ಬಂದಳು. ಕಿರುಚಿದ್ದರಿಂದ ಗಾಳಿ ಹೊರಗೆ ಹೋಯಿತು. ಅಷ್ಟೇ ವ್ಯತ್ಯಾಸ.

ಹೇಳಿಕೆಯನ್ನು ವಕೀಲರು ಬರೆದರು. ಅದು ಕಾನೂನಿನ ಭಾಷೆ, ಅದರಲ್ಲಿ ಮನುಷ್ಯರನ್ನು ಹುಡುಕಬೇಡ. ನಿನ್ನವ್ವ ಮಾರಕ್ಕ ಹೇಗಿದ್ದಾಳೆ?

ಮನೋಹರ

•

ಮಾಗಡಿ
14 ಅಕ್ಟೋಬರ್ 2007

ಮನೋಹರ್ ಅವರಿಗೆ,

ನಿಮ್ಮ ಪಾಠ ಸ್ಪಷ್ಟವಾಗಿದೆ. ಒಂಬತ್ತನೆಯ ತರಗತಿಗೆ ಹಾಗೆಯೇ ಹೇಳಿದೆ, ಬೆಲೂನು ಇಟ್ಟುಕೊಂಡು. ಎಲ್ಲರಿಗೂ ಅರ್ಥವಾಯಿತು. ಅರ್ಧ ಗಂಟೆ ಸಾಕಾಯಿತು.

ಕಿರುಚಿದವಳು ಉಳಿದಳು, ಬಾಯಿ ಮುಚ್ಚಿಕೊಂಡವನು ಹೋದ. ಇದನ್ನು ನೀವು ಅಷ್ಟೇ ವ್ಯತ್ಯಾಸ ಎಂದು ಬರೆದಿದ್ದೀರಿ. ಬಾಯಿ ಮುಚ್ಚಿಕೊಂಡಿರುವುದನ್ನು ಅವನು ಎಲ್ಲಿ ಕಲಿತ ಎಂಬುದನ್ನು ಬರೆದಿಲ್ಲ.

ಇನ್ನೊಂದು ವಿಷಯ. ನಾನು ‘ನೀವು’ ಎಂದು ಬರೆದೆ, ನೀವು ‘ನೀನು’ ಎಂದಿರಿ. ಅವ್ವನನ್ನು ‘ಇದ್ದಾಳೆ’ ಎಂದಿರಿ. ಅವಳಿಗೆ ಎಪ್ಪತ್ತು ದಾಟಿದೆ. ಅಣ್ಣ ನಿಮ್ಮನ್ನು ಕ್ವಾರಿಯಲ್ಲಿ ‘ಲೇ ಮನು’ ಎಂದು ಕರೆಯುತ್ತಿದ್ದ, ನಿಮ್ಮ ಮನೆಯ ಅಂಗಳದಲ್ಲಿ ‘ಚಿಕ್ಕಗೌಡ್ರೇ’ ಎನ್ನುತ್ತಿದ್ದ. ನನಗೆ ಆ ಎರಡೂ ಬೇಡ. ಬಹುವಚನದಲ್ಲಿ ಬರೆಯಿರಿ.

ದಸರಾ ರಜೆಯಲ್ಲಿ ಕ್ವಾರಿಗೆ ಹೋಗಿದ್ದೆ. ಈಗ ಯಾರೋ ಗುತ್ತಿಗೆದಾರರು ಪಂಪು ಇಟ್ಟು ಹಾರೋಹಳ್ಳಿಯ ಕಾರ್ಖಾನೆಗಳಿಗೆ ಟ್ಯಾಂಕರಿನಲ್ಲಿ ನೀರು ಸಾಗಿಸುತ್ತಿದ್ದಾರೆ. ಪಂಪು ನೋಡಿಕೊಳ್ಳುವವನು ಹುಸೇನ್, ನಿಮ್ಮ ಶಿಬಿರದಲ್ಲಿ ಕಂಪ್ರೆಸರಿನಿಂದ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದವನೇ. ನೀರು ಹನ್ನೆರಡು ಅಡಿ ಇಳಿದಿದೆ. ಬಂಡೆಯ ಮೈಯಲ್ಲಿ ಅರ್ಧ ಕೊರೆದು ಬಿಟ್ಟ ತೂತುಗಳು ಸಾಲಾಗಿ ಕಾಣುತ್ತವೆ.

“ಇವೆಲ್ಲ ನಿಮ್ಮಣ್ಣ ಒಡ್ದಿದ್ದ ಕುಳಿ ಕಣಕ್ಕ,” ಎಂದ ಹುಸೇನ್. “ಕ್ವಾರಿ ನಡೀತಿದ್ದಾಗ ಜಾಕ್ ಹ್ಯಾಮರ್ ಹಿಡ್ಕಂಡು ಇಲ್ಲೇ ನಿಂತಿರೋನು. ಅದುಕ್ಕೇ ನೀರು ತುಂಬುದ್ ಮೇಲೂ ರೋಡಲ್ಲಿ ನಡ್ದಂಗೆ ಓಗ್ಬುಟ್ಟು ಬರೋನು.”

ಅನುಮತಿ ಇಲ್ಲದೆ ಇಳಿದನೇ ಎಂದು ಕೇಳಿದೆ.

“ಯಾರಕ್ಕ ಅಂಗಂದೋರು? ಮನೋಹರಣ್ಣ ಮೇಲೆ ಬಂದು ತಲೆ ಎಣಿಸ್ದ. ಮೂರು. ಇನ್ನೊಂದ್ಸಲ ಎಣಿಸ್ದ. ಮೂರೇ. ‘ಓಗ್ಲಾ ಮುನೇಶ, ಓಗ್ಲಾ’ ಅಂತ ಕೂಗ್ದ. ಇವ್ನ ಬೆನ್ನಿಗೆ ಸಿಲಿಂಡರ್ ಏರ್ಸಿದ್ದು ಇದೇ ಕೈಯಿ.”

“ಅವರು ಯಾಕೆ ಹೋಗಲಿಲ್ಲ?”

“ಗಾಳಿ ಖಾಲಿ ಅಂದ.” ಹುಸೇನ್ ಪಂಪಿನ ಕಡೆ ತಿರುಗಿದ. “ಸಾಯಂಕಾಲ ಎಲ್ಲಾರ್ದೂ ಬಿಚ್ಚೋದು ನಾನೇ ಅಲ್ವಾ. ಅವ್ರದ್ದೂ ಬಿಚ್ದೆ. ಮೀಟರ್ ನೋಡ್ದೆ. ಕಾಲುಭಾಗ ಐತೆ.”

ಇದಕ್ಕೆ ಉತ್ತರ ಬರೆಯಿರಿ. ವಕೀಲರಿಂದ ಬರೆಸಬೇಡಿ.

ಜ್ಯೋತಿಲಕ್ಷ್ಮಿ

•

ಹ್ಯಾವ್‌ಲಾಕ್
4 ನವೆಂಬರ್ 2007

ಜ್ಯೋತಿಲಕ್ಷ್ಮಿಯವರಿಗೆ,

ಕಾಲುಭಾಗ ಎಂದರೆ ಮೀಟರಿನಲ್ಲಿ ಇನ್ನೂರಕ್ಕೆ ಐವತ್ತು. ಐವತ್ತರ ಕೆಳಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಮುಳ್ಳು ಅಲ್ಲಿಗೆ ಬರುವಷ್ಟರಲ್ಲಿ ನೀರಿನಿಂದ ಹೊರಗಿರಬೇಕು, ಅಷ್ಟು ಗಾಳಿ ಇಟ್ಟುಕೊಂಡು ಮತ್ತೆ ಆಳಕ್ಕೆ ಇಳಿಯಬಾರದು. ಇದು ಎಲ್ಲ ಕಡೆಯೂ ಇರುವ ನಿಯಮ. ನಾನು ನಿಯಮ ಪಾಲಿಸಿದೆ.

ಇಷ್ಟು ಬರೆದು ಎರಡು ಸಲ ಓದಿದೆ. ಇದರಲ್ಲಿ ಒಂದು ತಪ್ಪೂ ಇಲ್ಲ. ಮುಂದೆ ಬರೆಯಲು ಆಗುತ್ತಿಲ್ಲ.

ಮನೋಹರ

•

ಮಾಗಡಿ
25 ನವೆಂಬರ್ 2007

ಮನೋಹರ್ ಅವರಿಗೆ,

ನಿಮಗೆ ಮುಂದೆ ಬರೆಯಲು ಆಗುತ್ತಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಅಣ್ಣ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಾಗಡಿಗೆ ಬರುತ್ತಿದ್ದ. ಊಟಕ್ಕೆ ಕೂತಾಗ ನಿಮ್ಮ ಶಿಬಿರದ ಕಥೆ ಹೇಳುತ್ತಿದ್ದ. “ಕಾಸು ಕೊಟ್ಟು ಮುಳುಗೋರ್ನ ನಾನು ಎಲ್ಲೂ ನೋಡಿರ್ನಿಲ್ಲ ಕಣವ್ವ. ನಮ್ಮೂರಲ್ಲಿ ಪುಕ್ಸಟ್ಟೆ ಮುಳುಗ್ತಿದ್ರು,” ಎನ್ನುತ್ತಿದ್ದ. ಅವ್ವ ನಕ್ಕು ಅನ್ನ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದಳು. ಏಪ್ರಿಲ್‌ನಲ್ಲಿ ಬಂದಾಗ ಬೇರೆ ಮಾತು ಹೇಳಿದ. “ಹೊಸಬ್ರು ಗುಂಡುಕಲ್ಲು ಬಿದ್ದಂಗೆ ಬೀಳ್ತಾವ್ರೆ. ಸೊಂಟಕ್ಕೆ ಒಸಿ ಸೀಸ ಕಮ್ಮಿ ಕಟ್ಲಾ ಮನು ಅಂದೆ. ‘ಬೇಗ ಮುಳುಗ್ಲಿ ಬುಡ್ಲಾ, ಮಧ್ಯಾಹ್ನ ಇನ್ನೊಂದು ಬ್ಯಾಚ್ ಐತೆ’ ಅಂದ.”

ಆಗ ನನಗೆ ಅರ್ಥವಾಗಿರಲಿಲ್ಲ. ನಿಮ್ಮ ಮೊದಲ ಕಾಗದ ಓದಿದ ಮೇಲೆ ಅರ್ಥವಾಯಿತು. ಹೊಸಬರು ಹೆದರಿಕೆಯಲ್ಲಿ ಎದೆ ತುಂಬ ಗಾಳಿ ಇಟ್ಟುಕೊಂಡಿರುತ್ತಾರೆ, ಆದ್ದರಿಂದ ಬೇಗ ಮುಳುಗುವುದಿಲ್ಲ. ಉಸಿರು ನಿಧಾನಕ್ಕೆ ಬಿಡುವುದನ್ನು ಕಲಿಸಲು ಹೊತ್ತು ಬೇಕು. ಸೀಸದ ಎರಡು ತುಂಡು ಹೆಚ್ಚು ಕಟ್ಟಲು ಹೊತ್ತು ಬೇಡ. ಆ ಹೆಂಗಸು ಜಾರಿದ್ದಲ್ಲ. ಸೀಸ ಅವಳನ್ನು ಎಳೆದುಕೊಂಡು ಹೋಯಿತು. ಜಾಕೆಟ್ಟಿಗೆ ಗಾಳಿ ತುಂಬಿಕೊಳ್ಳುವುದೂ ಅವಳಿಗೆ ತೋಚಲಿಲ್ಲ. ಹೌದೇ, ಅಲ್ಲವೇ ಎಂದಷ್ಟೇ ಬರೆಯಿರಿ.

ಉಸಿರು ಹಿಡಿಯಬಾರದು ಎಂಬ ಮೊದಲ ಪಾಠವನ್ನು ನೀವು ಎರಡು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ, ಆ ಬಂಡೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಹೇಳಿದಿರಿ. ಅಣ್ಣ ಹತ್ತು ಮಾರು ದೂರದಲ್ಲಿ ಜಾಕೆಟ್ ತೊಳೆಯುತ್ತಿದ್ದ. ಜಾಕೆಟ್ಟಿಗೆ ಗಾಳಿ ತುಂಬಲು ಒತ್ತುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿತ್ತು. ಬಿಡುವುದು ಯಾವಾಗ ಎಂದು ಯಾರೂ ಹೇಳಿರಲಿಲ್ಲ. ಅವನು ಚಿಕ್ಕಂದಿನಿಂದ ಕಲಿತದ್ದು ಒಂದೇ ವಿದ್ಯೆ. ಮೇಲೆಯೇ ಎದೆ ತುಂಬ ಉಸಿರು ಎಳೆದು, ದಮ್ಮು ಕಟ್ಟಿ ತಳಕ್ಕೆ ಹೋಗುವುದು, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಒಂದೇ ಏಟಿಗೆ ಮೇಲೆ ಬರುವುದು. ಊರೂರಿನ ಬಾವಿಗೆ ಬಿದ್ದ ಮೋಟಾರು, ಕೊಡ, ಒಮ್ಮೊಮ್ಮೆ ಹೆಣ, ಎಲ್ಲವನ್ನೂ ಹಾಗೆಯೇ ತಂದ. ಅದು ಅವನಿಗೆ ಮೂವತ್ತು ವರ್ಷ ಅನ್ನ ಹಾಕಿತು. ಬೋರ್‌ವೆಲ್ ಬಂದು ಬಾವಿಗಳು ಒಣಗಿದ ಮೇಲೆಯೇ ಅವನು ನಿಮ್ಮ ಹತ್ತಿರ ಬಂದದ್ದು.

ಅವನು ತಂದ ಮೊದಲನೆಯ ಮೋಟಾರು ನಿಮ್ಮ ತೋಟದ್ದು. ಅದನ್ನು ಮೇಲಕ್ಕೆತ್ತಿದ ಮೇಲೆ ಏನಾಯಿತು ಎಂದು ನಿಮಗೆ ನೆನಪಿದೆಯೋ ಇಲ್ಲವೋ. ಅದನ್ನೂ ಬರೆಯಿರಿ.

ಜ್ಯೋತಿಲಕ್ಷ್ಮಿ

•

ಹ್ಯಾವ್‌ಲಾಕ್
20 ಡಿಸೆಂಬರ್ 2007

ಜ್ಯೋತಿಲಕ್ಷ್ಮಿಯವರಿಗೆ,

ಹೌದು. ಎರಡು ತುಂಡು ಹೆಚ್ಚು ಕಟ್ಟುತ್ತಿದ್ದೆ. ಎಲ್ಲರಿಗೂ.

ಬಾವಿಯದು ನೆನಪಿದೆ. ನನಗೂ ಮುನೇಶನಿಗೂ ಹದಿನಾಲ್ಕು ವರ್ಷ. ನಾನು ಆ ಬಾವಿಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು. ಅವನು ಎಲ್ಲೆಲ್ಲೋ ಮಳೆನೀರು ನಿಂತ ಕಲ್ಲುಗುಂಡಿಗಳಲ್ಲಿ, ಬುರುಡೆ ಇಲ್ಲದೆ ಕಲಿತ. ಅಲ್ಲಿ ನಾನು ದಡದಲ್ಲಿ ಕೂತು ಎಣಿಸುತ್ತಿದ್ದೆ. ಅವನು ಇನ್ನೂರಕ್ಕೆ ಮೇಲೆ ಬಂದರೆ ‘ಥೂ, ಎಣ್ಣುಗ’ ಎನ್ನುತ್ತಿದ್ದೆ. ಇನ್ನೂರ ಮೂವತ್ತಕ್ಕೆ ಬಂದರೆ ಸುಮ್ಮನಿರುತ್ತಿದ್ದೆ. ಒಮ್ಮೆ ಮೂಗಿನಲ್ಲಿ ರಕ್ತ ಬರಿಸಿಕೊಂಡು ಮೇಲೆ ಬಂದು, “ಎಷ್ಟಾಯ್ತ್ಲಾ?” ಎಂದ. ಎಣಿಕೆ ತಪ್ಪಿತ್ತು. ಇನ್ನೂರು ಎಂದು ಹೇಳಿದೆ. ಅವನು ಮತ್ತೆ ಮುಳುಗಿದ. ಬಾಯಿ ಮುಚ್ಚಿಕೊಂಡಿರುವುದನ್ನು ಎಲ್ಲಿ ಕಲಿತ ಎಂದು ನೀವು ಕೇಳಿದ್ದಿರಿ.

ಆ ಬೇಸಿಗೆ ನಮ್ಮ ಮೋಟಾರು ಬಾವಿಗೆ ಬಿತ್ತು. ಇಳಿಯುವವರು ಸಿಗಲಿಲ್ಲ. ನಿಮ್ಮ ತಂದೆ ಲಿಂಗಯ್ಯ ನಮ್ಮ ಹೊಲದಲ್ಲಿದ್ದರು. ನನ್ನ ತಂದೆ ಕರಿಯಪ್ಪ ಅವರ ಕಡೆ ನೋಡಿ, “ನಿನ್ ಮಗ ದಮ್ ಕಟ್ತಾನಂತಲ್ಲೋ,” ಎಂದರು. ಮುನೇಶ ಇಳಿದ. ಮೂರನೆಯ ಸಲಕ್ಕೆ ಹಗ್ಗ ಕಟ್ಟಿ ಬಂದ. ಮೋಟಾರು ಒಣಗಿಸಿ ಮಾರನೆಯ ದಿನ ಚಾಲೂ ಮಾಡಿದರು. ಅದೇ ಮೋಟಾರಿನಿಂದ ಎರಡು ದಿನ ಬಾವಿಯನ್ನು ಬತ್ತಿಸಿದರು. ಪೈಪು ಹಿಡಿದು ನಿಂತವನು ನಾನು. ಎರಡನೆಯ ದಿನ ಅವನು ಬೇಲಿಯಾಚೆ ಬಂದು, “ಯಾಕ್ಲಾ ನೀರ್ನೆಲ್ಲ ಚೆಲ್ತಿದ್ದೀರಾ?” ಎಂದ. ಮೋಟಾರು ಪರೀಕ್ಷೆ ಎಂದೆ. ನಂಬಿದವನಂತೆ ತಲೆಯಾಡಿಸಿದ. ಅವನು ನಂಬಿರಲಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ನಮ್ಮ ಸ್ನೇಹ ಇದ್ದದ್ದು ಇದರ ಮೇಲೆ.

ಶಿಬಿರ ಶುರುವಾದ ವರ್ಷ ಅವನು ಕೇಳಿದ್ದ. “ನಂಗೂ ಒಂದ್ಸಲ ಕಲ್ಸ್ಲಾ. ಇದ್ರ ಮರ್ಮ ಏನು ಅಂತ ನೋಡಾಣ.” ನಾನು, “ನಿಂಗ್ಯಾಕ್ಲಾ ಕ್ಲಾಸು, ನೀನು ಮೀನು ಕಣ್ಲಾ,” ಎಂದೆ. ಬೆಂಗಳೂರಿನವರು ನಕ್ಕರು. ಅವನೂ ನಕ್ಕ. ಹೊಗಳಿಕೆ ಎಂದೇ ನಾನು ಅಂದುಕೊಂಡಿದ್ದೆ. ಈಗ ಇಲ್ಲಿ ಕೂತು ಯೋಚಿಸಿದರೆ, ನಾನು ಹದಿನೈದು ವರ್ಷದಲ್ಲಿ ಕಲಿತದ್ದನ್ನು ಅವನು ಒಂದು ವಾರದಲ್ಲಿ ಕಲಿಯುತ್ತಿದ್ದ. ಕಲಿತ ಮೇಲೆ ಆ ಕ್ವಾರಿಯಲ್ಲಿ ನನಗೆ ಏನು ಉಳಿಯುತ್ತಿತ್ತು?

ಉಳಿದದ್ದು ಆ ಭಾನುವಾರ. ಐವತ್ತರಲ್ಲಿ ಇಳಿದು ಬರಬಹುದಿತ್ತು. ಅರವತ್ತು ಅಡಿ, ಎರಡು ಮೂರು ನಿಮಿಷದ ಕೆಲಸ. ನಿಯಮ ನೆನಪಾದದ್ದು ಆಮೇಲೆ. ಮೊದಲು ನೆನಪಾದದ್ದು ಮುನೇಶ ಇದ್ದಾನೆ ಎಂಬುದು.

ಆದರೆ ಒಂದು ವಿಷಯ ನನಗೆ ನಿಜವಾಗಿ ಗೊತ್ತಿಲ್ಲ. ನಾನು ಕೂಗಿದ್ದು ಖಂಡಿತ. ಕೂಗಿದಾಗ ಅವನ ಒಂದು ತೋಳು ಆಗಲೇ ಜಾಕೆಟ್ಟಿನೊಳಗಿತ್ತು ಎಂದು ಒಂದು ದಿನ ಅನ್ನಿಸುತ್ತದೆ. ಇಲ್ಲ, ಬಂಡೆಗೆ ಒರಗಿ ಬೀಡಿ ಹಚ್ಚಿಕೊಂಡಿದ್ದ, ಕೂಗಿದ ಮೇಲೆಯೇ ಎಸೆದ ಎಂದು ಇನ್ನೊಂದು ದಿನ. ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತವೆ.

ಮನೋಹರ

•

ಮಾಗಡಿ
12 ಜನವರಿ 2008

ಮನೋಹರ್ ಅವರಿಗೆ,

ಇದನ್ನೆಲ್ಲ ನನಗೆ ಏಕೆ ಬರೆದಿರಿ? ಬರೆದು ನಿಮಗೆ ಹಗುರವಾಗಿರಬೇಕು. ನೀವು ಇಳಿಸಿದ್ದನ್ನು ಹೊತ್ತುಕೊಳ್ಳಲು ಮತ್ತೆ ನಮ್ಮ ಮನೆಯವರೇ ಬೇಕಾಯಿತು.

ಹೋದ ವರ್ಷ ರಾಮನಗರ ಜಿಲ್ಲೆಯಾಯಿತಲ್ಲ, ಅಣ್ಣನ ಕಡತ ಈಗ ಹೊಸ ಕಚೇರಿಗೆ ಬಂದಿದೆ. ಹುಡುಕಿಸಲು ನಾಲ್ಕು ಸಲ ಓಡಾಡಿದೆ. ವಿಚಾರಣೆ ಮಾರ್ಚ್ ನಾಲ್ಕಕ್ಕೆ. ಅವತ್ತು ಮುಗಿಸುತ್ತಾರಂತೆ. ಹುಸೇನ್ ಬರುತ್ತೇನೆ ಎಂದಿದ್ದಾನೆ. ಆದರೆ ಪಂಪಿನ ಆಳು ಹೇಳಿದ್ದಕ್ಕೂ ತರಬೇತಿದಾರರು ಬರೆದುಕೊಟ್ಟದ್ದಕ್ಕೂ ತೂಕ ಬೇರೆ ಎಂದು ಗುಮಾಸ್ತರು ಆಗಲೇ ಹೇಳಿದರು.

ಬೀಡಿ ಇತ್ತೋ ಇಲ್ಲವೋ ನನಗೆ ಬೇಡ. ನೀವು ಕೂಗಿದಿರಿ, ಅವನು ಇಳಿದ. ಅನುಮತಿ ಇಲ್ಲದೆ ಎಂಬುದು ಸುಳ್ಳು. ಅದನ್ನು ಅಧಿಕಾರಿಗೆ ಬರೆಯಿರಿ, ನನಗಲ್ಲ. ವಿಳಾಸ ಕೆಳಗಿದೆ.

ಜ್ಯೋತಿಲಕ್ಷ್ಮಿ

•

ಹ್ಯಾವ್‌ಲಾಕ್
6 ಫೆಬ್ರವರಿ 2008

ಜ್ಯೋತಿಲಕ್ಷ್ಮಿಯವರಿಗೆ,

ಇಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಬರೆದದ್ದು ಇಷ್ಟು: ‘ಮುನೇಶ್ ಅವರು ನನ್ನ ಆದೇಶದ ಮೇರೆಗೆ ನೀರಿಗೆ ಇಳಿದರು. ಸುರಕ್ಷಿತವಾಗಿ ಮೇಲೆ ಬರುವ ಕ್ರಮವನ್ನು ನಾನು ಅವರಿಗೆ ಕಲಿಸಿರಲಿಲ್ಲ. ಮುಳುಗಿದ ಮಹಿಳೆಗೆ ಅಗತ್ಯಕ್ಕಿಂತ ಹೆಚ್ಚು ಸೀಸ ಕಟ್ಟಿದವನು ನಾನು. ನನ್ನ ಹಿಂದಿನ ಹೇಳಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ.’

ಎರಡನೆಯದೂ ಮೂರನೆಯದೂ ನಿಜ. ಮೊದಲನೆಯದನ್ನು ನೀವು ಕೇಳಿದಿರಿ ಎಂದು ಬರೆದೆ. ಸುಳ್ಳು ಎನ್ನುತ್ತಿಲ್ಲ. ನನಗೆ ಗೊತ್ತಿಲ್ಲ ಎನ್ನುತ್ತಿದ್ದೇನೆ. ಕಚೇರಿಯ ಕಾಗದದಲ್ಲಿ ಗೊತ್ತಿಲ್ಲ ಎಂದು ಬರೆಯಲು ಜಾಗವಿರುವುದಿಲ್ಲ.

ಇನ್ನು ನಾನು ಬರೆಯುವುದಿಲ್ಲ. ನೀವೂ ಬರೆಯುವುದಿಲ್ಲ ಎಂದು ತಿಳಿದಿದ್ದೇನೆ.

ಮನೋಹರ

•

ಮಾಗಡಿ
9 ಮಾರ್ಚ್ 2008

ಅಣ್ಣಾ,

ನಿನಗೆ ನಾನು ಯಾವತ್ತೂ ಕಾಗದ ಬರೆದವಳಲ್ಲ. ನೀನೇ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಏಳು ತಿಂಗಳು ನಿನ್ನ ಸ್ನೇಹಿತನಿಗೆ ಬರೆದು ಕೈಗೆ ಅಭ್ಯಾಸವಾಗಿದೆ. ಈಗ ಅವರಿಗೆ ಬರೆಯುವುದು ಮುಗಿಯಿತು. ಉಳಿದದ್ದನ್ನು ಯಾರಿಗೆ ಬರೆಯಲಿ?

ಮಂಗಳವಾರ ವಿಚಾರಣೆ ಆಯಿತು. ಅವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಹೊಸ ಕಚೇರಿಗೆ ಇನ್ನೂ ಸುಣ್ಣ ಒಣಗಿಲ್ಲ. ಬೆಂಚಿಗೆ ಒರಗಿದವರ ಬೆನ್ನೆಲ್ಲ ಬಿಳಿ. ಹುಸೇನ್ ಹೇಳಿದ್ದನ್ನು ಬರೆದುಕೊಂಡರು. ಆಮೇಲೆ ಅಧಿಕಾರಿ ಅಂಡಮಾನಿನಿಂದ ಬಂದ ಲಕೋಟೆ ತೆರೆದು ಗಟ್ಟಿಯಾಗಿ ಓದಿದರು. ಹಳೆಯ ಹೇಳಿಕೆಯ ಐದನೆಯ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ನನ್ನ ಕಣ್ಣೆದುರೇ. ಇಷ್ಟಕ್ಕೇ ನಾನು ಇಷ್ಟು ದಿನ ಊಟ ನಿದ್ದೆ ಬಿಟ್ಟದ್ದು. ಹೊರಗೆ ಬಂದು ಹುಸೇನ್ ಚಹಾ ಕೊಡಿಸಿದ. “ಗೆದ್ರಿ ಅಲ್ವಾ ಅಕ್ಕ,” ಎಂದ. ಹೌದು ಎಂದೆ.

ಮಾಗಡಿ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಿದ್ದಳು. ಊರು ದಾಟಿದ ಮೇಲೆ ಕೇಳಿದಳು.

“ಆದೇಶದ ಮೇರೆಗೆ ಅಂತ ಓದುದ್ರಲ್ಲ, ಅಂಗಂದ್ರೇನವ್ವ?”

“ಅವರು ಇಳಿ ಅಂದರು, ಅದಕ್ಕೆ ಅಣ್ಣ ಇಳಿದ ಅಂತ.”

“ಅವ್ರು ಯೋಳುದ್ರು, ಇವ್ನು ಇಳುದ.”

“ಹೂಂ.”

“ಮೊದ್ಲು ಏನಿತ್ತು ಅದ್ರಲ್ಲಿ?”

“ಅವರನ್ನು ಕೇಳದೆ ತಾನೇ ಇಳಿದ ಅಂತ. ಸುಳ್ಳು ಬರೆದಿದ್ದರು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಕಂಡಕ್ಟರ್ ಬಂದು ಹೋದ.

“ನಾನು ಬೀದೀಲೆಲ್ಲ ಅದ್ನೇ ಯೋಳ್ಕಂಡು ತಿರುಗ್ತಿದ್ದೆ ಕಣವ್ವ. ಯಾರ್ನೂ ಕೇಳ್ದೆ ಬಿದ್ದು ಒಂದು ಜೀವ ಎತ್ಕಂಡ್ ಬಂದ ನನ್ ಮಗ ಅಂತ. ನಿಮ್ಮಪ್ಪ ಅವ್ರು ಬಾ ಅಂದ್ರೆ ಬತ್ತಿದ್ದ, ಓಗು ಅಂದ್ರೆ ಓಯ್ತಿದ್ದ. ಇವ್ನೊಬ್ಬ ಅಂಗಲ್ಲ ಅನ್ಕಂಡಿದ್ದೆ.” ಸೆರಗನ್ನು ಹೆಗಲಿಗೆ ಎಳೆದುಕೊಂಡು, “ಇವ್ನೂ ಅಂಗೇಯ,” ಎಂದು ಕಿಟಕಿಯ ಕಡೆ ತಿರುಗಿದಳು.

ಆಮೇಲೆ ಅವಳು ನಿನ್ನ ಮಾತೆತ್ತಿಲ್ಲ. ಎದುರುಮನೆಯ ಗುಲ್ಜಾರ್ ಬೀ ವಿಚಾರಣೆ ಏನಾಯಿತು ಎಂದು ಕೇಳಿದಾಗ, “ಆಯ್ತಂತೆ,” ಎಂದಳು. ಅಷ್ಟೇ.

ಆ ಐದನೆಯ ಸಾಲನ್ನು ನಾನು ನೂರು ಸಲ ಓದಿದ್ದೇನೆ. ಪ್ರತಿ ಸಲವೂ ಅದರಲ್ಲಿ ಕಂಡದ್ದು ಅವರ ಸುಳ್ಳು, ಅವರ ಹೇಡಿತನ. ಅನುಮತಿ ಇಲ್ಲದೆ ಎಂಬ ಮಾತಿನಲ್ಲಿ ಒಬ್ಬ ಮನುಷ್ಯ ಯಾರ ಕಡೆಗೂ ತಿರುಗಿ ನೋಡದೆ ಎದ್ದು ಹೋದದ್ದೂ ಇದೆ ಎಂದು ನನಗೆ ಹೊಳೆಯಲಿಲ್ಲ. ಓದು ಬಾರದ ಅವ್ವನಿಗೆ ಹೊಳೆಯಿತು. ಅದನ್ನೇ ನಾನು ಹಟ ಹಿಡಿದು ಅಳಿಸಿ, ಅದರ ಜಾಗದಲ್ಲಿ ಆದೇಶ ಎಂದು ಬರೆಸಿದೆ. ಅದೂ ತನಗೆ ಗೊತ್ತಿಲ್ಲ ಎನ್ನುವವನ ಕೈಯಲ್ಲಿ.

ನಿನ್ನೆ ಹುಸೇನನಿಗೆ ಫೋನು ಮಾಡಿ ಕೇಳಿದೆ. ಕೂಗಿದ್ದು ಮೊದಲೋ, ಅಣ್ಣ ಎದ್ದದ್ದು ಮೊದಲೋ. ಅವನ ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. “ನಾನು ಸಿಲಿಂಡರ್ ಕಡೆ ತಿರುಗಿದ್ದೆ ಅಕ್ಕ. ಆ ಮೂರು ಜನ ಇನ್ನೂ ನೀರಲ್ಲೇ ಇದ್ರು, ಅವ್ರೂ ನೋಡಿಲ್ಲ,” ಎಂದ.

ಅಲ್ಲಿದ್ದವರಲ್ಲಿ ಇನ್ನು ಉಳಿದವನು ನೀನೊಬ್ಬ. ಅವ್ವನಿಗೆ ಹೇಳಬೇಕು. ಹೇಳು ಅಣ್ಣ, ಮನು ಕೂಗುವ ಮೊದಲೇ ನೀನು ಎದ್ದಿದ್ದೆಯಾ?

ನಿನ್ನ
ಜ್ಯೋತಿ